ಮುಸುರೆ ಅಡುಗೆಮನೆ

"ಮನೆ ಚೆನ್ನಾಗಿ ಕ್ಲೀನ್ ಮಾಡಿಟ್ಟಿರು, ಮಂಗಳವಾರ ಬೆಲೆ ಕಟ್ಟೋಕೆ ವ್ಯಾಲ್ಯುಯರ್ ಬರ್ತಾನೆ" ಎಂದು ನಾನು ಗ್ಲೆಂಡಾಗೆ ಹೇಳಬಾರದಿತ್ತು. ಇಪ್ಪತ್ತಾರು ವರ್ಷದಿಂದ ಅಮೆರಿಕದ ಡೇಲಿ ಸಿಟಿಯಲ್ಲಿ ಮನೆಸಾಲ ಮಾಡಿಸಿಕೊಡುವ ಕೆಲಸ ನನ್ನದು. ನಮ್ಮ ಫಿಲಿಪಿನೋ ಜನಕ್ಕೆ ಯಾವ ಮಾತು ಹೇಳಬೇಕು, ಯಾವುದು ಹೇಳಬಾರದು ಎಂದು ಇಷ್ಟರಲ್ಲಿ ನನಗೆ ತಿಳಿದಿರಬೇಕಿತ್ತು. ನಾನೂ ಅವರಲ್ಲೊಬ್ಬಳೇ. ಆದರೂ ಹೇಳಿಬಿಟ್ಟೆ.

ಗ್ಲೆಂಡಾ ಆಸ್ಪತ್ರೆಯಲ್ಲಿ ನರ್ಸು. ಗಂಡ ರೊಡೆಲ್ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್ಕು. ಮೂಲೆ ಮನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದರು. ಮೇಲೆ ಇವರಿಬ್ಬರು, ಇಬ್ಬರು ಹೆಣ್ಣುಮಕ್ಕಳು. ಕೆಳಗೆ ಗ್ಯಾರೇಜು, ಅದರ ಹಿಂದೆ ಒಂದು ಕೋಣೆ, ಬಚ್ಚಲು, ಒಂದು ಅಡುಗೆಮನೆ. ಅಲ್ಲಿ ರೊಡೆಲ್‌ನ ತಾಯಿ ಕನ್ಸಿಂಗ್ ಇರುತ್ತಾರೆ. ಎಪ್ಪತ್ತೊಂಬತ್ತು ವಯಸ್ಸು. ನಮ್ಮಲ್ಲಿ ತಾಯಿಯನ್ನು ನನಾಯ್ ಎನ್ನುತ್ತಾರೆ, ಇಡೀ ಬೀದಿಯೇ ಅವರನ್ನು ಹಾಗೆ ಕರೆಯುತ್ತದೆ.

ಆ ವರ್ಷ ಮಾಲೀಕ ಬರ್ತೊಲಿ ಮನೆ ಮಾರುತ್ತೇನೆಂದ. ಒಳ್ಳೆಯ ಮನುಷ್ಯ. ಮೊದಲು ಇವರಿಗೇ ಹೇಳಿದ, ತಿಂಗಳ ಕೊನೆಯ ಶುಕ್ರವಾರದವರೆಗೆ ಸಮಯ ಕೊಟ್ಟ. ಸಾಲ ಮಂಜೂರಾದ ಕಾಗದ ಅಷ್ಟರೊಳಗೆ ಬರದಿದ್ದರೆ ಮನೆ ಮುಂದೆ ಮಾರಾಟದ ಬೋರ್ಡು ಬೀಳುತ್ತದೆ. ಬೋರ್ಡು ಬಿದ್ದರೆ ನಮ್ಮೂರಲ್ಲಿ ಮನೆ ಒಂದು ವಾರ ನಿಲ್ಲುವುದಿಲ್ಲ. ಇವರು ಎರಡು ಗಂಟೆ ದೂರದ ಆಂಟಿಯಾಕ್‌ಗೋ ಟ್ರೇಸಿಗೋ ಗಂಟುಮೂಟೆ ಕಟ್ಟಬೇಕು. ನನಾಯ್ ಮೊದಲೇ ಹೇಳಿದ್ದರು, "ಏಳು ಸಲ ಮನೆ ಬದಲಾಯಿಸಿದೀನಿ. ಎಂಟನೇ ಸಲ ನನ್ನ ಹೊತ್ಕೊಂಡೇ ಹೋಗ್ಬೇಕು."

ಇವರ ಕೈಯಲ್ಲಿ ಇದ್ದದ್ದು ಬೆಲೆಯ ನೂರಕ್ಕೆ ನಾಲ್ಕು ಪಾಲು. ಇಂಥವರಿಗಾಗಿಯೇ ಸರ್ಕಾರದ ಗ್ಯಾರಂಟಿ ಇರುವ ಸಾಲವಿದೆ. ಆದರೆ ಅದಕ್ಕೊಂದು ಮಿತಿ. ಜಿಲ್ಲೆ ಜಿಲ್ಲೆಗೂ ಬೇರೆ, ವರ್ಷ ವರ್ಷಕ್ಕೂ ಬೇರೆ. ಅದರ ಮೇಲೆ ಒಂದು ಡಾಲರ್ ಬೇಕೆಂದರೂ ಗ್ಯಾರಂಟಿಯಿಲ್ಲ, ಬೆಲೆಯಲ್ಲಿ ಐದರಲ್ಲೊಂದು ಪಾಲು ಕೈಯಿಂದ ಹಾಕಿ ಎನ್ನುತ್ತದೆ ಬ್ಯಾಂಕು. ಇವರಿಗೆ ಬೇಕಾದ ಸಾಲ ಮಿತಿಗಿಂತ ಮೂವತ್ತೆಂಟು ಸಾವಿರ ಹೆಚ್ಚಿತ್ತು.

ನಾನು ಅಲ್ಲಿಗೇ ಕೈಬಿಡಲಿಲ್ಲ. ಒಂದೇ ಕಟ್ಟಡದಲ್ಲಿ ಎರಡು ಮನೆಗಳಿದ್ದರೆ ಸರ್ಕಾರ ಮಿತಿಯನ್ನು ಮೇಲಕ್ಕೇರಿಸುತ್ತದೆ. ನಗರಸಭೆಯಲ್ಲಿ ಎರಡು ದಿನ ಕೂತು ಹಳೆಯ ಕಡತ ತೆಗೆಸಿದೆ. ಬರ್ತೊಲಿಯ ಅಜ್ಜ ವಿಧವೆ ತಂಗಿಗೆಂದು ಗ್ಯಾರೇಜಿನ ಹಿಂದೆ ಎರಡನೇ ಮನೆ ಕಟ್ಟಿಸಿದ್ದ, ಪರವಾನಗಿ ತಗೊಂಡೇ ಕಟ್ಟಿಸಿದ್ದ. ಬೇರೆ ಬಾಗಿಲು, ಬೇರೆ ಬಚ್ಚಲು, ಬೇರೆ ಒಲೆ. ಮುದ್ರೆ, ರುಜು ಎಲ್ಲ ಇತ್ತು. ಅಲ್ಲಿ ಒಂದು ಜೀವ ನಿಜವಾಗಿ ಬದುಕುತ್ತಲೂ ಇತ್ತು. ಇದರಲ್ಲಿ ಮೋಸವಿಲ್ಲ, ಮುಚ್ಚುಮರೆಯಿಲ್ಲ. ಖುಷಿಯಿಂದ ಕಾಗದಗಳನ್ನು ಬ್ಯಾಂಕಿಗೆ ಕಳಿಸಿದೆ, ಗ್ಲೆಂಡಾಗೆ ಫೋನ್ ಮಾಡಿ ಮನೆ ಕ್ಲೀನ್ ಮಾಡು ಅಂದೆ. ಯಾಕೆ, ಏನು ಎಂದು ಬಿಡಿಸಿ ಹೇಳಲಿಲ್ಲ.

ಶುಕ್ರವಾರ ವ್ಯಾಲ್ಯುಯರ್‌ನ ವರದಿ ಬಂತು. ಬ್ಯಾಂಕು ಕಳಿಸಿದ್ದ ಹ್ಯಾಲ್ವರ್ಸನ್ ಎಂಬ ಮನುಷ್ಯ. "ಕಡತದಲ್ಲಿ ಎರಡು ಮನೆ ಎಂದಿದೆ. ಸ್ಥಳದಲ್ಲಿ ಎರಡನೇ ಅಡುಗೆಮನೆ ಕಾಣಲಿಲ್ಲ. ಗ್ಯಾರೇಜಿನ ಹಿಂದಿನ ಕೋಣೆ ಸಾಮಾನು ಇಡಲು ಮಾತ್ರ ಎಂದು ವಾಸವಿರುವವರು ತಿಳಿಸಿದರು. ಒಂದೇ ಮನೆ."

ಮನೆಯೊಳಗಿನ ಚಪ್ಪಲಿಯಲ್ಲೇ ಕಾರು ಹತ್ತಿ ಅವರ ಮನೆಗೆ ಹೋದೆ.

"ಗ್ಲೆಂಡಾ, ಒಲೆ ಎಲ್ಲೇ?"

"ಯಾವ ಒಲೆ ಅಕ್ಕ?"

"ಕೆಳಗಿನ ಒಲೆ! ನನಾಯ್ ಒಲೆ!"

ಅವಳ ಮುಖದಲ್ಲಿ ಹೆಮ್ಮೆ. "ಅದಾ? ರೊಡೆಲ್, ಅವರ ಕಸಿನ್ ಇಬ್ರು ಸೇರ್ಕೊಂಡು ಬಿಚ್ಚಿ ಗ್ಯಾರೇಜಲ್ಲಿ ಟಾರ್ಪಾಲ್ ಹೊದಿಸಿಟ್ರು. ಬಾಗಿಲಿಗೆ ಅಡ್ಡ ಊರಿಗೆ ಸಾಮಾನು ತುಂಬಿ ಕಳಿಸೋ ರಟ್ಟಿನ ಡಬ್ಬ ಪೇರಿಸಿದ್ವಿ. ನೀವು ಕ್ಲೀನ್ ಮಾಡು ಅಂದ್ರಲ್ಲ! ಆ ಮನುಷ್ಯಂಗೆ ಒಂದು ಹನಿ ಎಣ್ಣೆ ಜಿಡ್ಡು ಕಂಡಿಲ್ಲ."

"ನನಾಯ್?"

"ಚರ್ಚಿಗೆ ಕಳಿಸಿದ್ವಿ."

ನಮ್ಮ ಮನೆಗಳ ವಿಷಯ ಗೊತ್ತಿಲ್ಲದವರಿಗೆ ಇದು ಹುಚ್ಚಾಟ ಅನ್ನಿಸಬಹುದು. ನಮ್ಮಲ್ಲಿ ಎರಡು ಅಡುಗೆಮನೆ. ಮೇಲಿನದು ತೋರಿಸುವುದಕ್ಕೆ: ಹೊಳೆಯುವ ಕಲ್ಲು, ಹಣ್ಣಿನ ಬುಟ್ಟಿ, ಗೋಡೆಯಲ್ಲಿ ಅಲಂಕಾರಕ್ಕೆ ಮರದ ದೊಡ್ಡ ಚಮಚ. ಕೆಳಗಿನದು ಅಥವಾ ಹಿತ್ತಲಿನದು ಮುಸುರೆ ಅಡುಗೆಮನೆ. ಒಣಮೀನು ಹುರಿಯುವುದು, ಮಾಂಸ ಬೇಯಿಸುವುದು, ಬೆಳ್ಳುಳ್ಳಿ ಕರಿಯುವುದು, ನಿಜವಾದ ಅಡುಗೆಯೆಲ್ಲ ಅಲ್ಲೇ. ಬಂದವರಿಗೆ ಅದನ್ನು ತೋರಿಸಿದರೆ ಮಾನ ಹೋಯಿತು ಅಂತಲೇ ಲೆಕ್ಕ. ನಾನು ಹುಡುಗಿಯಾಗಿದ್ದಾಗ ಪಾದ್ರಿ ಮನೆಗೆ ಬಂದರೆ ನಮ್ಮಮ್ಮ ಮೊದಲು ಹಿಂದಿನ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಕ್ಲೀನ್ ಮಾಡು ಎಂದರೆ ನಮ್ಮ ಹೆಂಗಸರಿಗೆ ಅರ್ಥ ಆಗುವುದೇ ಇದು. ಗ್ಲೆಂಡಾಳನ್ನು ಬೈಯಲು ಹೋದವಳು ನನ್ನನ್ನೇ ಬೈದುಕೊಂಡೆ.

"ಅವನು ಕೇಳಿದ ಅಕ್ಕ, ಹಿಂದೆ ಯಾರಾದ್ರೂ ಇದಾರಾ ಅಂತ. ನಾನು ಇಲ್ಲಪ್ಪ, ಬರೀ ಸಾಮಾನು ಅಂದೆ. ಆಮೇಲೆ ತಟ್ಟೆ ತುಂಬ ನೂಡಲ್ಸ್ ಕೊಟ್ಟೆ."

"ತಿಂದನಾ?"

"ಎರಡು ಸಲ ಹಾಕಿಸ್ಕೊಂಡ."

"ತಿಂದು ಹೋಗಿ ನಿನ್ನ ಮನೆ ಕಳೆದ ನೋಡು" ಅಂದೆ. ಆಮೇಲೆ ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿಕೊಂಡವು. ರೊಡೆಲ್ ಒಲೆ ಮತ್ತೆ ಜೋಡಿಸಲು ಸ್ಪ್ಯಾನರ್ ಹುಡುಕಿಕೊಂಡು ಕೆಳಗೆ ಹೋದ.

ಪರವಾನಗಿಯ ನಕಲು ಲಗತ್ತಿಸಿ ಇನ್ನೊಮ್ಮೆ ನೋಡಬೇಕೆಂದು ಬ್ಯಾಂಕಿಗೆ ಅರ್ಜಿ ಹಾಕಿದೆ. ಗುರುವಾರ ಬರುತ್ತೇನೆ ಎಂದು ಹ್ಯಾಲ್ವರ್ಸನ್‌ನಿಂದ ಬ್ಯಾಂಕಿನ ಮೂಲಕ ಉತ್ತರ ಬಂತು. ಬರ್ತೊಲಿಯ ಗಡುವು ಮರುದಿನ, ಶುಕ್ರವಾರ. ಆದರೆ ನನ್ನನ್ನು ಕಾಡುತ್ತಿದ್ದುದು ಸಮಯವಲ್ಲ. ಹೋದ ವಾರ ಇಲ್ಲದ ಒಲೆ ಈ ವಾರ ಕಂಡರೆ ಯಾವ ವ್ಯಾಲ್ಯುಯರ್ ನಂಬುತ್ತಾನೆ? ಸಾಲಕ್ಕಾಗಿ ಹೂಡಿದ ನಾಟಕ ಎಂದು ಬರೆದುಬಿಟ್ಟರೆ ಮುಗಿಯಿತು. ನಾನು ಅವನೊಂದಿಗೆ ಮಾತಾಡುವಂತಿಲ್ಲ. ಸಾಲ ಮಾಡಿಸುವವರು ಬೆಲೆ ಕಟ್ಟುವವನ ಕಿವಿ ಊದಬಾರದೆಂಬುದು ನಮ್ಮ ಕಸುಬಿನ ನಿಯಮ, ಒಳ್ಳೆಯ ನಿಯಮವೇ.

ಬುಧವಾರ ಹೋಗಿ ನೋಡಿದರೆ ಗ್ಲೆಂಡಾ ಕೆಳಗಿನ ಗೋಡೆಯ ಮುಂದೆ ಬಿಳಿ ಬಣ್ಣದ ಡಬ್ಬ ತೆರೆದು ನಿಂತಿದ್ದಾಳೆ.

"ಬ್ರಷ್ ಕೆಳಗಿಡು!"

"ಅಕ್ಕ, ಒಲೆ ಹಿಂದೆ ನೋಡಿ. ಹನ್ನೊಂದು ವರ್ಷದ ಹೊಗೆ. ಇದನ್ನ ಹೇಗೆ ತೋರ್ಸೋದು?"

"ಇದನ್ನೇ ತೋರ್ಸೋದು. ಈ ಹೊಗೆ ಒಂದು ವಾರದಲ್ಲಿ ಹಿಡಿಯಲ್ಲ ಅಂತ ಯಾರಿಗಾದ್ರೂ ಗೊತ್ತಾಗತ್ತೆ. ಒಂದು ತೊಟ್ಟು ಬಣ್ಣ ಬಿದ್ರೆ ನಾನು ಈ ಫೈಲ್ ಮುಟ್ಟಲ್ಲ."

ಮೂಲೆಯ ಪುಟ್ಟ ಮೇಜಿನ ಬಳಿ ನನಾಯ್ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು. ನಾನು ಅವರ ಎದುರು ಕುರ್ಚಿ ಎಳೆದುಕೊಂಡೆ.

"ನೀನು ಮೇಲೆ ಹೋಗಿ ಕೂತ್ಕೋ ಲೂಡಿ. ಇಲ್ಲಿ ಬಟ್ಟೆಗೆಲ್ಲ ವಾಸನೆ ಹತ್ತತ್ತೆ."

"ಹತ್ಲಿ. ನನಾಯ್, ನಾಳೆ ಆ ಮನುಷ್ಯ ಬಂದಾಗ ನೀವು ಇಲ್ಲೇ ಇರ್ಬೇಕು."

"ನಾನು ಚರ್ಚಿಗೆ ಹೋಗ್ತೀನಿ."

"ನಾಳೆ ಒಂದಿನ ದೇವ್ರು ಕಾಯ್ತಾನೆ."

ಅವರು ನಗಲಿಲ್ಲ. ಬೆಳ್ಳುಳ್ಳಿ ಸಿಪ್ಪೆಯನ್ನು ಒಂದೆಡೆ ಗುಡ್ಡೆ ಮಾಡುತ್ತ ಹೇಳಿದರು. "ಮನಿಲಾದಲ್ಲಿ ಒಬ್ಬ ಅಮ್ಮಾವ್ರ ಮನೇಲಿ ಇಪ್ಪತ್ತೆರಡು ವರ್ಷ ಇದ್ದೆ. ನಾನು ಮಾಡಿದ ಅಡುಗೆ ಮಂತ್ರಿಗಳು ತಿಂದಿದಾರೆ. ಒಬ್ರೂ ನನ್ನ ಮುಖ ನೋಡಿಲ್ಲ. ನೆಂಟ್ರು ಬಂದ್ರೆ ಅಮ್ಮಾವ್ರು ಗಂಟೆ ಹೊಡೆಯೋರು, ನಾನು ಹಿಂದಿನ ಬಾಗಿಲು ಹಾಕ್ಕೋಬೇಕು. ನಾನು ಮಲಗೋ ಚಾಪೆ ಒಲೆ ಪಕ್ಕದಲ್ಲೇ. ಈಗ ಮಗನ ಮನೆಗೆ ಒಬ್ಬ ದೊಡ್ಡ ಮನುಷ್ಯ ಬರ್ತಾನೆ, ಅವನಿಗೆ ನಾನು ಹೊಗೆ ಗೋಡೆ ತೋರಿಸ್ಕೊಂಡು ನಿಲ್ಲಲಾ? ಅವನು ಮನೆ ಬೆಲೆ ಇಳಿಸಲ್ವಾ?"

"ಇಳಿಸಲ್ಲ. ಒಂದು ಮನೆ ಇದ್ರೆ ಸರ್ಕಾರ ಇಷ್ಟೇ ಸಾಲಕ್ಕೆ ಗ್ಯಾರಂಟಿ ಕೊಡತ್ತೆ. ಎರಡು ಮನೆ ಇದ್ರೆ ಜಾಸ್ತಿ. ಅಡುಗೆ ಆಗೋ ಒಲೆ ಇದ್ರೇನೇ ಎರಡನೇ ಮನೆ."

"ಸರ್ಕಾರ ಒಲೆ ಎಣಿಸತ್ತಾ?"

"ಹೂಂ. ಒಲೆ ಎಣಿಸತ್ತೆ."

"ಒಲೆ ಮುಂದೆ ಇರೋರನ್ನ?"

ನಮ್ಮಮ್ಮ ನೆನಪಾದಳು. ಕೊನೆಯ ಹತ್ತು ವರ್ಷ ಅವಳು ನನ್ನ ಮನೆಯ ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಇದ್ದಳು. ಆಫೀಸಿನವರು ಊಟಕ್ಕೆ ಬಂದಾಗ ನಾನೂ ಆ ಬಾಗಿಲು ಎಳೆದಿದ್ದೆ. ಅವಳು ಮಾಡಿದ ಅಡುಗೆ ರುಚಿಯಾಗಿದೆ ಎಂದು ಅವರು ಹೊಗಳಿದರೆ ನಗುತ್ತ ಥ್ಯಾಂಕ್ಸ್ ಹೇಳಿದ್ದೆ. ಅದು ನನಗೆ ಇವತ್ತಿಗೂ ನಾಚಿಕೆ. ಅದನ್ನು ನನಾಯ್‌ಗೆ ಹೇಳಿದೆ. ಯಾಕೆ ಹೇಳಿದೆನೋ, ಹೇಳಿದೆ.

ಅವರು ಸಿಪ್ಪೆಯ ಗುಡ್ಡೆಯನ್ನು ಅಂಗೈಗೆ ಬಳಿದುಕೊಂಡರು. "ಎಷ್ಟು ಗಂಟೆಗೆ ಬರ್ತಾನೆ?" ಎಂದು ಕೇಳಿದರು.

"ಹತ್ತಕ್ಕೆ."

"ಚರ್ಚಲ್ಲಿ ಹನ್ನೊಂದೂವರೆಗೆ ಇನ್ನೊಂದು ಪ್ರಾರ್ಥನೆ ಇರತ್ತೆ" ಅಂದರು.

ಗುರುವಾರ ಬೆಳಿಗ್ಗೆ ನಾನು ಬೀದಿಯಾಚೆ, ಅವರ ಪಕ್ಕದ ಓಣಿಗೆ ಎದುರಾಗಿ ಕಾರಿನಲ್ಲಿ ಕೂತಿದ್ದೆ. ಮಾತಾಡಬಾರದೆಂದು ನಿಯಮವಿದೆ, ಕೂರಬಾರದೆಂದಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೀದಿ ಕೊನೆಯ ಮನೆಗಳ ಸೂರು ಕಾಣುತ್ತಿರಲಿಲ್ಲ. ಹ್ಯಾಲ್ವರ್ಸನ್ ಬಂದ. ಆರಡಿಯ ಆಳು, ಕೈಯಲ್ಲಿ ಅಳತೆ ಟೇಪು, ಮುಖ ಗಂಟು. ಮೋಸಹೋದವನ ಮುಖ ಅದು. ಅವನದೇನೂ ತಪ್ಪಿರಲಿಲ್ಲ.

ಗ್ಲೆಂಡಾ ಎಂದಿನ ಅಭ್ಯಾಸದಂತೆ ಮುಂಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತಳು. ಅವನು ಮೆಟ್ಟಿಲ ಕಡೆ ತಿರುಗಿಯೂ ಇದ್ದ. ಅಷ್ಟರಲ್ಲಿ ಪಕ್ಕದ ಓಣಿಯಿಂದ ಒಣಮೀನು ಹುರಿಯುವ ಘಾಟು ಬೀದಿಗೆಲ್ಲ ಹರಡಿತು. ಕಾರಿನ ಗಾಜು ಇಳಿಸಿಕೊಂಡಿದ್ದ ನನಗೇ ಕೆಮ್ಮು ಬಂತು. ಅವನು ನಿಂತ. ವಾಸನೆ ಹಿಡಿದು ಓಣಿಯ ಕಡೆ ನಡೆದ. ಹನ್ನೊಂದು ವರ್ಷದಿಂದ ಯಾವ ಅತಿಥಿಗೂ ತೆರೆಯದ ಪಕ್ಕದ ಬಾಗಿಲು ತೆರೆಯಿತು. ಭಾನುವಾರದ ಹೂವಿನ ಅಂಗಿ, ಅದರ ಮೇಲೆ ಎಣ್ಣೆ ಕಲೆಯ ಏಪ್ರನ್, ಕೈಯಲ್ಲಿ ಸೌಟು. ನನಾಯ್ ಅವನನ್ನು ಮೇಲಿಂದ ಕೆಳಗೆ ನೋಡಿದರು. ಓಣಿ ಕಿರಿದು, ಮಾತೆಲ್ಲ ಕೇಳುತ್ತಿತ್ತು.

"ಬಾಪ್ಪ. ಊಟ ಆಯ್ತಾ?"

"ಅಮ್ಮಾ, ನಾನು ಮನೆ ನೋಡೋಕೆ ಬಂದಿರೋದು. ಇಲ್ಲಿ ಯಾರು ಇರೋದು?"

"ನಾನು."

"ಎಷ್ಟು ದಿನದಿಂದ?"

"ಹನ್ನೊಂದು ವರ್ಷ. ಹೋದ ವಾರ ನೀನು ಬಂದಾಗ್ಲೂ ನನ್ನ ವಾಸ ಇಲ್ಲೇ. ನಾಚ್ಕೊಂಡು ಬಚ್ಚಿಟ್ರು. ಒಲೇನೂ, ನನ್ನೂ. ಹೋಗ್ಲಿ ಬಿಡು. ಒಳಗೆ ಬಾ, ಮೀನು ಸೀದ್ಹೋಗತ್ತೆ."

ಅವನು ತಲೆ ಬಗ್ಗಿಸಿ ಒಳಗೆ ಹೋದ. ಬಾಗಿಲು ತೆರೆದೇ ಇತ್ತು. ಹೊರಗೆ ಬಂದದ್ದು ಮುಕ್ಕಾಲು ಗಂಟೆಯ ನಂತರ. ಮುಖದ ಗಂಟು ಬಿಚ್ಚಿತ್ತು.

ವರದಿ ಸಂಜೆಯೇ ಬಂತು. ಸಾಲದ ಕಾಗದ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಬರ್ತೊಲಿಯ ಕೈಸೇರಿತು. ಅವನು ತಂದಿಟ್ಟಿದ್ದ ಬೋರ್ಡನ್ನು ರೊಡೆಲ್‌ಗೇ ಕೊಟ್ಟ, ಹಲಗೆ ಒಳ್ಳೆಯದು ಏನಾದರೂ ಮಾಡಿಕೋ ಎಂದ. ಗ್ಲೆಂಡಾ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ರಿಜಿಸ್ಟರ್ ಆದ ಮೇಲೆ ಭಾನುವಾರ ಊಟಕ್ಕೆ ಕರೆದರು. ನಾನು ಮುಂದಿನ ಮೆಟ್ಟಿಲು ಹತ್ತಲಿಲ್ಲ. ಓಣಿಯಲ್ಲಿ ಹೋಗಿ ಪಕ್ಕದ ಬಾಗಿಲು ತಟ್ಟಿದೆ. ನನಾಯ್ ಕನ್ನಡಕ ಹಾಕಿಕೊಂಡು ಮೇಜಿನ ಬಳಿ ಕೂತರು. ನಾನು ತಂದಿದ್ದ ವರದಿಯ ನಕಲು ಬಿಡಿಸಿದೆ.

"ಓದು" ಅಂದರು.

"ಎರಡನೇ ಮನೆ. ಸ್ವಂತ ಬಾಗಿಲಿದೆ. ಅಡುಗೆಮನೆ ಬಹುಕಾಲದಿಂದ ಬಳಕೆಯಲ್ಲಿದೆ. ವಾಸವಿದ್ದಾರೆ."

"ವಾಸವಿದ್ದಾರೆ ಅಂದ್ರೆ ನಾನು?"

"ನೀವೇ."

"ಮನೆ ಅಂತ್ಲೇ ಬರೆದಿದಾನಾ? ಕೋಣೆ ಅಂತ ಅಲ್ಲ?"

"ಮನೆ ಅಂತ್ಲೇ. ನೋಡಿ, ಇಲ್ಲಿ."

ಅವರು ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಎಳೆದರು. ಬೆರಳಿನ ಎಣ್ಣೆ ಕಾಗದಕ್ಕೆ ಅಂಟಿತು. ಅಷ್ಟರಲ್ಲಿ ರೊಡೆಲ್ ಗ್ಯಾರೇಜಿನ ಕಡೆಯಿಂದ ಬಾಗಿಲು ದೂಡಿಕೊಂಡು, "ಅಮ್ಮಾ, ಅನ್ನ ಆಯ್ತಾ?" ಎನ್ನುತ್ತ ಒಳಗೆ ನುಗ್ಗಿದ.

ನನಾಯ್ ಕನ್ನಡಕದ ಮೇಲಿಂದ ಮಗನನ್ನು ನೋಡಿದರು.

"ಆಚೆ ಹೋಗು. ಬಾಗಿಲು ತಟ್ಟಿ ಬಾ."