ಆ ಎರಡು ರಿಂಗು ರೋಜೇರನದಲ್ಲ

ಹಿಮ ಕರಗುವ ದಿನಗಳು ಬಂದವೆಂದರೆ ನಮ್ಮ ಕಣಿವೆಯ ಟೆಲಿಫೋನುಗಳಿಗೆ ನೆಗಡಿ ಹಿಡಿಯುತ್ತದೆ. ಎತ್ತಿದರೆ ಕರಕರ ಸದ್ದು, ನಮ್ಮ ಮಾತಿನ ನಡುವೆ ಪಕ್ಕದ ಮನೆಯವರ ಮಾತು, ಕೆಲವೊಮ್ಮೆ ಏನೂ ಇಲ್ಲ. ಕಂಬದ ಮೇಲಿನ ಕೇಬಲ್ಲಿನ ಹೊದಿಕೆ ಬಿರಿದು ಒಳಗೆ ನೀರು ಇಳಿದಿದೆ ಎಂಬುದು ಎಲ್ಲರಿಗೂ ಗೊತ್ತು. ಟೆಲಿಫೋನ್ ಕಂಪನಿಗೂ ಗೊತ್ತು. ದೂರು ಕೊಟ್ಟರೆ ಅವರು ಬಿಸಿಲು ಬಿದ್ದ ದಿನ ನೋಡಿಕೊಂಡು ಬರುತ್ತಾರೆ, ತಂತಿಯನ್ನು ಪರೀಕ್ಷಿಸುತ್ತಾರೆ, ‘ಲೈನ್ ಸರಿಯಾಗಿದೆ’ ಎಂದು ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋಗುತ್ತಾರೆ. ಒಣಗಿದ ಕೇಬಲ್ಲಿನಲ್ಲಿ ನೀರು ಹುಡುಕುವ ಈ ಸೇವೆಗೆ ನಾವು ತಪ್ಪದೆ ಬಿಲ್ಲು ಕಟ್ಟುತ್ತೇವೆ. ಕಟ್ಟಿ, ಹಿಮ ಕರಗುವಾಗ ಫೋನು ಹೀಗೇ ಎಂದು ಸುಮ್ಮನಾಗುತ್ತೇವೆ. ಲಿಯೋನಿ ಸಿರ್ ಮನೆಯವರೂ ಹಾಗೆಯೇ ಸುಮ್ಮನಿದ್ದರು.

ಲಿಯೋನಿಯ ಗಂಡ ರೋಜೇರ್ ಆಲೂಗಡ್ಡೆ ಲಾರಿ ಓಡಿಸುವವನು. ಕಣಿವೆಯಿಂದ ಹೊರಟು, ಮನೆಮಠಗಳಿಲ್ಲದ ಕಾಡಿನ ರಸ್ತೆಯನ್ನು ದಾಟಿ, ದಕ್ಷಿಣದ ಬ್ಯಾಂಗರ್ ಪಟ್ಟಣವನ್ನು ಸಂಜೆಯೊಳಗೆ ಸೇರಬೇಕು. ಸೇರಿದ ಮೇಲೆ ಅಲ್ಲಿನ ಸಾರ್ವಜನಿಕ ಫೋನಿನಿಂದ ಮನೆಗೆ ಫೋನು ಹಚ್ಚಿ, ಎರಡು ಸಲ ಗಂಟೆ ಬಾರಿಸುತ್ತಲೇ ಇಟ್ಟುಬಿಡುತ್ತಿದ್ದ. ಯಾರೂ ಎತ್ತದ ಕಾರಣ ಹಾಕಿದ ನಾಣ್ಯ ಹಿಂದಕ್ಕೆ ಬೀಳುತ್ತಿತ್ತು. ಎರಡು ರಿಂಗು ಎಂದರೆ, ಸುಖವಾಗಿ ತಲುಪಿದೆ. ನಮ್ಮ ಲಾರಿಯವರ ಮನೆಗಳಲ್ಲೆಲ್ಲ ಇಂಥದೊಂದು ಒಪ್ಪಂದ ಇದ್ದೇ ಇದೆ. ರಾತ್ರಿಯೂಟ ಮುಗಿಯುವವರೆಗೂ ಗಂಟೆ ಬಾರಿಸದಿದ್ದರೆ ಲಿಯೋನಿ ಪೊಲೀಸರಿಗೆ ತಿಳಿಸಬೇಕು, ಅವರು ಕಾಡಿನ ರಸ್ತೆಯುದ್ದಕ್ಕೂ ಗಾಡಿ ಕಳಿಸಿ ನೋಡಬೇಕು. ರೋಜೇರನ ಪ್ರಾಣ ಆ ಎರಡು ರಿಂಗಿಗೆ ಜೋತುಬಿದ್ದಿತ್ತು.

ಹಿಂದಿನ ವರ್ಷ ಲಿಯೋನಿ ಒಂದು ಕಾಲಿಂಗ್ ಕಾರ್ಡು ತರಿಸಿದ್ದಳು. ಕಾರ್ಡಿನ ಮೇಲಿರುವ ಉಚಿತ ಸಂಖ್ಯೆಗೆ ಫೋನು ಹಚ್ಚಬೇಕು. ಅಲ್ಲಿಂದ ದನಿ ಬಂದ ಮೇಲೆ ಕಾರ್ಡಿನ ಸಂಖ್ಯೆಯನ್ನೂ ಮನೆಯ ಸಂಖ್ಯೆಯನ್ನೂ ಒತ್ತಬೇಕು. ನಾಣ್ಯ ಬೇಕಿಲ್ಲ, ನೆಮ್ಮದಿಯಾಗಿ ಮಾತಾಡಬಹುದು. ಇಬ್ಬರೂ ಅದನ್ನು ಊರ ಅಂಗಡಿಯ ಹೊರಗಿನ ಸಾರ್ವಜನಿಕ ಫೋನಿನಲ್ಲಿ ಪರೀಕ್ಷಿಸಿದರು. ಉಚಿತ ಸಂಖ್ಯೆ ಸಿಕ್ಕಿತು, ಆಚೆಯ ದನಿ ಕಾರ್ಡಿನ ಸಂಖ್ಯೆ ಕೇಳಿತು. ಒತ್ತಿದರೆ ಅಂಕಿಯ ಒಂದು ಕೀಲಿಯೂ ಉಲಿಯಲಿಲ್ಲ. ಟೆಲಿಫೋನ್ ಕಂಪನಿಯನ್ನು ಕೇಳಿದರೆ ಕಾರ್ಡು ಕೆಟ್ಟಿರಬೇಕು ಎಂದಿತು. ಕಾರ್ಡಿನವರನ್ನು ಕೇಳಿದರೆ ಫೋನು ಕೆಟ್ಟಿರಬೇಕು ಎಂದರು. ರೋಜೇರನ ತಂದೆ ಫೆರ್ನಾಂ ಅವರನ್ನು ಊರೆಲ್ಲ ಪೆಪೇರ್, ಅಂದರೆ ಅಜ್ಜ, ಎಂದೇ ಕರೆಯುತ್ತದೆ. ಅವರು ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು.

"ಕಿಟಕಿ ಮೇಲಿನ ಹಿಮ ಕೆರೆಯೋಕೆ ಚೆನ್ನಾಗಿದೆ, ಇಟ್ಕೋ. ಎರಡು ರಿಂಗಲ್ಲಿ ಆಗೋ ಕೆಲಸಕ್ಕೆ ಇಷ್ಟು ನಂಬರ್ ಯಾಕೆ ಒತ್ತಬೇಕು?"

ಕಾರ್ಡು ಡ್ರಾಯರಿಗೆ ಸೇರಿತು.

ಮಾರ್ಚ್ ತಿಂಗಳಲ್ಲಿ ಒಂದು ದಿನ ಹೆಪ್ಪುಗಟ್ಟುವ ಮಳೆ ಹಿಡಿಯಿತು. ರೋಜೇರ್ ಬೆಳಿಗ್ಗೆಯೇ ಹೊರಟಿದ್ದ. ಸಂಜೆ ಲಿಯೋನಿ ಕಾವಲಿಯ ಮೇಲೆ ದೋಸೆಯಂಥ ಪ್ಲೋಯ್ ಹುಯ್ಯುತ್ತಿದ್ದಾಗ ಫೋನು ಒಮ್ಮೆ ಹೊಡೆದುಕೊಂಡಿತು, ಇನ್ನೊಮ್ಮೆ ಹೊಡೆದುಕೊಂಡಿತು, ನಿಂತಿತು.

"ಸೇರಿದ," ಎಂದರು ಪೆಪೇರ್. ಬೆಣ್ಣೆ ಸವರಿ ಸುರುಳಿ ಸುತ್ತಿಕೊಂಡು ಊಟ ಮಾಡಿದರು.

ಲಾರಿ ಅಷ್ಟು ಹೊತ್ತಿಗಾಗಲೇ ಕಾಡಿನ ರಸ್ತೆಯ ಪಕ್ಕದ ಹಳ್ಳದಲ್ಲಿ ಮಗುಚಿ ಬಿದ್ದಿತ್ತು. ರೋಜೇರನ ಬಲಗಾಲು ಮುರಿದ ತಗಡಿನ ಅಡಿ ಸಿಕ್ಕಿಕೊಂಡಿತ್ತು. ಮರುದಿನ ಬೆಳಕು ಹರಿದ ಮೇಲೆ ಮರ ಕಡಿಯುವವನೊಬ್ಬ ಅವನನ್ನು ಕಂಡ. ಸಿರ್ ಮನೆಯ ಫೋನು ಅಷ್ಟರಲ್ಲಿ ಪೂರ್ತಿ ಸತ್ತಿದ್ದರಿಂದ ಸುದ್ದಿ ತಿಳಿಸಲು ಪೊಲೀಸನೇ ಬಾಗಿಲಿಗೆ ಬರಬೇಕಾಯಿತು. ಪಾದಕ್ಕೆ ಹಿಮದ ಹೊಡೆತ ಬಿದ್ದಿದೆ, ಕತ್ತರಿಸಬೇಕು ಎಂದು ಬ್ಯಾಂಗರಿನ ವೈದ್ಯರು ಹೇಳಿದ್ದರು. ಅವನನ್ನು ಸಾಗಿಸಿದ ಮೇಲೆ ಮಂಜುಗಡ್ಡೆಯಿಂದ ರಸ್ತೆ ಮುಚ್ಚಿತ್ತು. ಅರಿವಳಿಕೆ ಕೊಡುವ ಮೊದಲು ಗಂಡನೊಡನೆ ಒಂದು ಮಾತಾಡಬೇಕು, ಅಷ್ಟೇ ಲಿಯೋನಿಗೆ ಉಳಿದಿದ್ದ ಆಸೆ.

ಪಕ್ಕದ ಮನೆಯ ಜನೀನ್ ಪೆಲ್ಟಿಯೆ ಅವಳನ್ನು ಅಂಗಡಿಯ ಬಳಿಗೆ ಕರೆದುಕೊಂಡು ಹೋದಳು. ಜನೀನಳ ಮನೆಯ ಫೋನಿಗೆ ಕರೆ ಬರುತ್ತಿತ್ತು, ಆದರೆ ಆ ಮಳೆಯಲ್ಲಿ ಅದರಿಂದ ಹೊರಗೆ ಕರೆ ಹೋಗುತ್ತಿರಲಿಲ್ಲ. ಜನೀನ್ ಮದುವೆಗೆ ಮುಂಚೆ ಬೇರೆ ನಗರದಲ್ಲಿ ದೂರವಾಣಿ ಆಪರೇಟರ್ ಆಗಿದ್ದವಳು. ಸಾರ್ವಜನಿಕ ಫೋನಿನ ನಾಣ್ಯದ ಕಿಂಡಿ ಹೆಪ್ಪುಗಟ್ಟಿತ್ತು. ಡ್ರಾಯರಿನ ಕಾರ್ಡೇ ಗತಿ. ಉಚಿತ ಸಂಖ್ಯೆ ಸಿಕ್ಕಿತು, ದನಿ ಕಾರ್ಡಿನ ಸಂಖ್ಯೆ ಕೇಳಿತು, ಕೀಲಿಗಳು ಮತ್ತೆ ಮೂಕವಾದವು. ಲಿಯೋನಿ ರಿಸೀವರನ್ನು ಇಡಲು ಹೋದಾಗ ಜನೀನ್ ಅವಳ ಮಣಿಕಟ್ಟು ಹಿಡಿದಳು.

"ಇಡಬೇಡ. ಏನೂ ಒತ್ತಲೂಬೇಡ. ಕಾಯಿ."

"ಯಾರಿಗೆ ಕಾಯ್ಲಿ?"

"ಮನುಷ್ಯರಿಗೆ. ಬೆರಳು ಹಾಕಿ ಸುತ್ತೋ ಹಳೇ ಫೋನಿನವರಿಗೆ ಅಂತ ಕೊನೆಗೆ ಒಬ್ಬ ಆಪರೇಟರ್ ಬಂದೇ ಬರ್ತಾಳೆ. ಅವಳಿಗೆ ಕಾರ್ಡಿನ ನಂಬರು ಬಾಯಲ್ಲೇ ಹೇಳು. ಮೆತ್ತಗೆ ಹೇಳು, ಅಂಗಡೀಲಿರೋರು ಬರ್ಕೊಳ್ಳೋ ಹಾಗಲ್ಲ."

ಕಾಯುವ ಹೊತ್ತಿನಲ್ಲಿ ಜನೀನ್ ವಿಷಯ ತಿಳಿಸಿದಳು. ಕಾರ್ಡಿನಲ್ಲಿ ದೋಷವೇ ಇರಲಿಲ್ಲ. ಆಚೆಯವರು ಎತ್ತಿದ ಕೂಡಲೇ ಕಂಪನಿಯ ಎಕ್ಸ್‌ಚೇಂಜು ಎರಡು ತಂತಿಗಳ ವಿದ್ಯುತ್ತನ್ನು ಅದಲುಬದಲು ಮಾಡುತ್ತದೆ. ಆಗ ಈ ಹಳೆಯ ಪೆಟ್ಟಿಗೆಯ ಕೀಲಿಗಳಿಗೆ ಶಕ್ತಿ ಸಿಗುವುದಿಲ್ಲ. ಇದು ದುರಸ್ತಿಯವರಿಗೆಲ್ಲ ಗೊತ್ತಿರುವ ಸಂಗತಿ, ಸಣ್ಣದೊಂದು ಭಾಗ ಹಾಕಿದರೆ ಸರಿಹೋಗುತ್ತದೆ. ಹಾಕುವ ಬದಲು ಕಾರ್ಡು ಕೆಟ್ಟಿದೆ ಎಂದು ಸುಳ್ಳು ಹೇಳಿ ಕಳಿಸಿದ್ದರು.

ಆಪರೇಟರ್ ಬಂದಳು. ಆಸ್ಪತ್ರೆ ಸಿಕ್ಕಿತು. ನರ್ಸು ಫೋನನ್ನು ರೋಜೇರನ ಕಿವಿಗೆ ಹಿಡಿದಳು.

"ಯಾಕೆ ಯಾರೂ ಬರಲಿಲ್ಲ?" ಎಂಬುದು ಅವನ ಮೊದಲ ಮಾತು. "ಊಟದ ಹೊತ್ತು ಮುಗೀತು, ಇನ್ನೇನು ಬರ್ತಾರೆ, ಇನ್ನೇನು ಬರ್ತಾರೆ ಅಂತ ಕಾಯ್ತಾ ಇದ್ದೆ."

"ನೀನು ತಲುಪಿದೆ ಅಂತ ತಿಳಿಸಿದ್ಯಲ್ಲ. ಎರಡು ಸಲ ಹೊಡ್ಕೊಂಡ್ತು."

"ನಾನೆಲ್ಲಿಂದ ಮಾಡ್ಲಿ, ಲಿಯೋನಿ? ನಾನು ಹಳ್ಳದಲ್ಲಿದ್ದೆ."

ಲಿಯೋನಿಯ ಮಾತು ಕೇಳಿಸಿಕೊಂಡ ಜನೀನಳಿಗೆ ಒಂದು ಸಂಗತಿ ನೆನಪಾಯಿತು. ನಿನ್ನೆ ಅದೇ ಊಟದ ಹೊತ್ತಿಗೆ ಅವಳ ಅಕ್ಕ ಅವಳಿಗೆ ಫೋನು ಮಾಡಿದ್ದಳು. ಜನೀನ್ ಎಂದಿನಂತೆ ಎರಡನೆಯ ರಿಂಗಿಗೆ ಎತ್ತಿದ್ದಳು.

ಆ ಮಧ್ಯಾಹ್ನ ಮಳೆ ಬೀಳುತ್ತಲೇ ಇತ್ತು. ಜನೀನ್ ಪೆಪೇರರನ್ನು ಅವರ ಮನೆಯ ಸತ್ತ ಫೋನಿನ ಮುಂದೆ ಕೂರಿಸಿ, ತನ್ನ ಮನೆಯ ಫೋನಿನ ಬಳಿ ನಿಂತಳು. ತನಗೊಮ್ಮೆ ಫೋನು ಮಾಡುವಂತೆ ಅಕ್ಕನಿಗೆ ಅಂಗಡಿಯ ಫೋನಿನಿಂದ ಮೊದಲೇ ಹೇಳಿದ್ದಳು. ಪೆಪೇರ್ ಇದೆಲ್ಲ ಹುಚ್ಚಾಟ ಎಂದು ಗೊಣಗುತ್ತಲೇ ರಿಸೀವರ್ ಎತ್ತಿ ನೋಡಿದರು. ಒಳಗೆ ಏನೂ ಇರಲಿಲ್ಲ. ಇಟ್ಟರು. ಸ್ವಲ್ಪ ಹೊತ್ತಿಗೆ ಆ ಸತ್ತ ಫೋನು ಹೊಡೆದುಕೊಂಡಿತು. ಮತ್ತೊಮ್ಮೆ ಹೊಡೆದುಕೊಂಡು ನಿಂತಿತು. ಪಕ್ಕದ ಮನೆಯಲ್ಲಿ ಜನೀನ್ ತನ್ನ ಫೋನನ್ನು ಎತ್ತಿದ್ದಳು. ಕೇಬಲ್ಲಿನೊಳಗಿನ ನೀರು ಅವಳ ಮನೆಯ ಗಂಟೆಯನ್ನು ಇವರ ತಂತಿಗೆ ದಾಟಿಸಿತ್ತು.

ಪೆಪೇರ್ ಕೋಟು ತೊಟ್ಟು ನೇರವಾಗಿ ಕಂಪನಿಯ ಕಚೇರಿಗೆ ಹೋದರು. ಲೈನು ಪರೀಕ್ಷೆಯಾಗಿದೆ, ಹವೆ ತಿಳಿಯಾದ ಮೇಲೆ ಇನ್ನೊಮ್ಮೆ ಜನ ಕಳಿಸುತ್ತೇವೆ ಎಂದು ಅಲ್ಲಿನವನು ತಲೆಯೆತ್ತದೆ ಹೇಳಿದ.

"ಇವತ್ತು ಬಾ," ಎಂದರು ಪೆಪೇರ್. "ಮಳೇಲಿ ಬಾ. ನನ್ನ ಮಗನ ಕಾಲು ಬಿಸಿಲು ಬರೋವರೆಗೂ ಕಾಯಲಿಲ್ಲ."

ಅವನು ಬರಲಿಲ್ಲ. ಆದರೆ ಈ ಸಲ ಊರು ಸುಮ್ಮನಾಗಲಿಲ್ಲ. ಪೆಪೇರ್ ಮನೆಮನೆ ಹತ್ತಿಳಿದು ಮಗನ ಕತೆ ಹೇಳಿದರು. ಕೇಳಿದವರೆಲ್ಲ ಅದೇ ಮಳೆಯಲ್ಲಿ, ಫೋನು ಕರಕರ ಎನ್ನುತ್ತಿದ್ದಾಗಲೇ, ಬೇರೆ ಬೇರೆಯಾಗಿ ದೂರು ಕೊಟ್ಟು ದೂರಿನ ಸಂಖ್ಯೆ ಕೇಳಿ ಪಡೆದರು. ಅವನ್ನೆಲ್ಲ ಜನೀನ್ ಟೆಲಿಫೋನ್ ಕಂಪನಿಗಳ ಮೇಲೆ ಕಣ್ಣಿಡುವ ರಾಜ್ಯದ ಸಾರ್ವಜನಿಕ ಸೇವಾ ಆಯೋಗಕ್ಕೆ ಕಳಿಸಿದಳು. ಆಯೋಗದ ಎಂಜಿನಿಯರ್ ಮಳೆಯಲ್ಲೇ ಬಂದು, ಕೇಬಲ್ಲನ್ನು ಬಿಚ್ಚಿಸಿ, ಅದರಿಂದ ನೀರು ಸುರಿಯುವುದನ್ನು ಕಂಪನಿಯವರಿಗೇ ತೋರಿಸಿದಳು. ಬೇಸಿಗೆಯೊಳಗೆ ಹೊಸ ಕೇಬಲ್ಲು ಬಂತು, ಅಂಗಡಿಯ ಫೋನಿನ ಕೀಲಿಗಳು ಉಲಿದವು. ಸಿರ್ ಮನೆಗೆ ಕಂಪನಿಯಿಂದ ‘ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಕಾಗದವೂ ಬಂತು. ಒಂದು ಪಾದವನ್ನು ಅವರು ಅನನುಕೂಲ ಎಂದು ಕರೆಯುತ್ತಾರೆ.

ರೋಜೇರ್ ಈಗ ಲಾರಿ ಓಡಿಸುವುದಿಲ್ಲ, ಆಲೂಗಡ್ಡೆ ಮಂಡಿಯಲ್ಲಿ ಕುಳಿತು ಗಡ್ಡೆ ಆರಿಸುತ್ತಾನೆ. ಮನೆಯ ಫೋನು ಹೊಡೆದುಕೊಂಡರೆ ಪೆಪೇರ್ ಎರಡನೆಯ ರಿಂಗಿಗೆ ಬಿಡುವುದಿಲ್ಲ. ಊರುಗೋಲನ್ನೂ ಮರೆತು ಓಡಿಹೋಗಿ ಎತ್ತಿ, "ಮಾತಾಡು, ಯಾರು, ಮಾತಾಡು," ಎನ್ನುತ್ತಾರೆ.

ಇದನ್ನು ಓದುತ್ತಿರುವವರೇ, ಮಳೆ ಬಂದಾಗ ನಿಮ್ಮ ಫೋನು ಕರಕರ ಎಂದರೆ, ಬೇರೆಯವರ ದನಿ ನುಸುಳಿದರೆ, ಕಾರಣವಿಲ್ಲದೆ ಗಂಟೆ ಹೊಡೆದರೆ, ಅದು ಋತುಧರ್ಮವಲ್ಲ, ದೋಷ. ಅದೇ ಮಳೆಯಲ್ಲಿ ದೂರು ಕೊಡಿ, ದೂರಿನ ಸಂಖ್ಯೆ ಪಡೆಯದೆ ಫೋನು ಇಡಬೇಡಿ, ನೆರೆಯವರಿಂದಲೂ ಕೊಡಿಸಿ; ಕಂಪನಿ ಕದಲದಿದ್ದರೆ ಆಯೋಗಕ್ಕೆ ಬರೆಯಿರಿ. ಸಾರ್ವಜನಿಕ ಫೋನಿನಲ್ಲಿ ಕೀಲಿ ಸತ್ತರೆ ಕಾರ್ಡನ್ನು ಬೈಯಬೇಡಿ. ಆಪರೇಟರ್ ಬರುವವರೆಗೆ ಕಾಯಿರಿ, ಸಂಖ್ಯೆಯನ್ನು ಬಾಯಲ್ಲಿ ಹೇಳಿ, ಆಮೇಲೆ ಆ ಪೆಟ್ಟಿಗೆಯ ಮೇಲೂ ದೂರು ಕೊಡಿ. ಸುಮ್ಮನಿರುವುದು ತಾಳ್ಮೆಯಲ್ಲ. ನಮ್ಮ ಸುಮ್ಮನಿರುವಿಕೆಯ ಬೆಲೆಯನ್ನು ಹಳ್ಳದಲ್ಲಿ ಬಿದ್ದವನು ತೆರುತ್ತಾನೆ.

ನಿಮ್ಮವರು ತಲುಪಿದರೋ ಇಲ್ಲವೋ ಎಂಬುದನ್ನು ಇಂದಿನಿಂದ ಗಂಟೆಯ ಬಾಯಿಂದ ಕೇಳಬೇಡಿ. ಅವರ ಬಾಯಿಂದಲೇ ಕೇಳಿ.