ಮೈಕಿನಲ್ಲಿ ಬಾರದ ಹೆಸರು

ಸೇನೆಗೆ ಹುಡುಗರನ್ನು ಸೇರಿಸಿಕೊಳ್ಳುವ ಸಾರ್ಜೆಂಟನ ಫೋನು ಬಂದಾಗ ಓಫೆಲಿಯಾ ತೊರ್ತಿಯಾ ರೊಟ್ಟಿ ಬೇಯಿಸುತ್ತಿದ್ದಳು. ಮಗಳು ಇಟ್ಸೆಲ್‌ಳ ಪೂರ್ತಿ ಹೆಸರು, ಮನೆ ವಿಳಾಸ, ಎಲ್ಲ ಅವನಿಗೆ ಬಾಯಿಪಾಠ. ಆ ವಿವರ ಕೊಟ್ಟಿದ್ದು ಮಗಳ ಹೈಸ್ಕೂಲೇ. ಸೇನೆ ಕೇಳಿದರೆ ಶಾಲೆ ಕೊಡಲೇಬೇಕೆಂಬ ಕಾನೂನಿದೆ, ಟೆಕ್ಸಸ್ಸಿನ ಆ ಊರಿನಲ್ಲಿ ಅದೇನೂ ಗುಟ್ಟಲ್ಲ. ಬೇಡವೆನ್ನುವ ತಂದೆತಾಯಿ ಬರೆದುಕೊಡಬೇಕು, ಅಷ್ಟೇ.

"ನನ್ನ ಮಗಳು ನರ್ಸಿಂಗ್ ಓದೋಳು. ಇನ್ನೊಂದ್ಸಲ ಫೋನ್ ಮಾಡಿ ನೋಡಿ, ಆಮೇಲೆ ಗೊತ್ತಾಗತ್ತೆ!" ಎಂದು ಓಫೆಲಿಯಾ ಫೋನಿಟ್ಟಳು.

ಮರುದಿನವೇ ಶಾಲೆಗೆ ಹೋದಳು. ಅರ್ಜಿಯಲ್ಲಿ 'ಹೆಸರು, ವಿವರ ಸೇನೆಗೆ ಕೊಡಬೇಡಿ' ಎಂದೊಂದು ಚೌಕ, 'ಯಾರಿಗೂ ಕೊಡಬೇಡಿ' ಎಂದೊಂದು ಚೌಕ. ಅರೆಬರೆ ಕೆಲಸ ಅವಳ ಜಾಯಮಾನದಲ್ಲೇ ಇಲ್ಲ. ಎರಡನೆಯದಕ್ಕೇ ಗುರುತು ಹಾಕಿದಳು. ಫೋನು ನಿಂತಿತು. ಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗಿದಳು.

ಶರತ್ಕಾಲ ಬಂತು, ಇಟ್ಸೆಲ್‌ಳ ಕೊನೆಯ ವಾಲಿಬಾಲ್ ಪಂದ್ಯವೂ ಬಂತು. ಆ ಸಂಜೆ ಕೊನೆ ವರ್ಷದ ಆಟಗಾರ್ತಿಯರು ಒಬ್ಬೊಬ್ಬರಾಗಿ ಅಪ್ಪ ಅಮ್ಮನ ಕೈ ಹಿಡಿದು ಒಳಾಂಗಣದ ಅಂಕಣಕ್ಕೆ ಬರುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಊರೇ ಚಪ್ಪಾಳೆ ತಟ್ಟುತ್ತದೆ. ನಾಲ್ಕು ವರ್ಷ ಬೆವರು ಸುರಿಸಿದ್ದ ಇಟ್ಸೆಲ್ ಕಾದಿದ್ದೇ ಆ ಒಂದು ಕೂಗಿಗೆ.

ಬಾಗಿಲಲ್ಲೇ ಕೋಚ್ ಹಾಲಿಸ್ ಓಫೆಲಿಯಾಳನ್ನು ತಡೆದರು. "ಮೇಡಂ, ಮಗಳ ಹೆಸರು ಯಾರಿಗೂ ಕೊಡಬೇಡಿ ಅಂತ ನೀವು ಅರ್ಜೀಲಿ ಗುರುತು ಹಾಕಿದ್ದೀರಿ. ಮೈಕಲ್ಲಿ ಇಟ್ಸೆಲ್ ಹೆಸರು ಹೇಳೋ ಹಾಗಿಲ್ವಂತೆ. ತಿದ್ದಿಸೋಣ ಅಂದ್ರೆ ಆಫೀಸು ಬಾಗಿಲು ಹಾಕಿದೆ."

ಓಫೆಲಿಯಾ ಪಕ್ಕದಲ್ಲಿದ್ದ ಮಗಳತ್ತ ತಿರುಗಿ ಅತ್ತೇಬಿಟ್ಟಳು. "ಅಯ್ಯೋ, ನನ್ನ ಕೈಯಾರೆ ಹಾಳು ಮಾಡಿದೆನಲ್ಲೇ!"

"ಅಳ್ಬೇಡ ಸುಮ್ನಿರಮ್ಮಾ," ಎಂದಳು ಇಟ್ಸೆಲ್. "ಕೋಚ್, ಹೇಳ್ಬಾರ್ದು ಅನ್ನೋದು ಶಾಲೆಗೆ ತಾನೇ? ನನಗಲ್ವಲ್ಲ?"

ಕೋಚ್ ನಕ್ಕರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸರದಿ ಬಂದಾಗ ಇಟ್ಸೆಲ್ ಅಮ್ಮನನ್ನು ಎಳೆದುಕೊಂಡೇ ನಡೆದು ಮೈಕು ಇಸಿದುಕೊಂಡಳು.

"ನಾನು ಇಟ್ಸೆಲ್ ಬರ್ರಾಸಾ. ಇವ್ರು ನಮ್ಮಮ್ಮ ಓಫೆಲಿಯಾ. ನಾನಿಲ್ಲಿ ನಿಂತಿರೋದೇ ಇವರಿಂದ."

ಚಪ್ಪಾಳೆಗೆ ಛಾವಣಿ ಅದುರಿತು. ಓಫೆಲಿಯಾ ಹೆಮ್ಮೆಯಿಂದ ಮಗಳನ್ನು ತಬ್ಬಿಕೊಂಡಳು. ಬಾಗಿಲ ಬಳಿ ಸೇನೆಯ ಮೇಜು ಹಾಕಿ, ಹುಡುಗರನ್ನು ಸೆಳೆಯಲು ನೀರಿನ ಬಾಟಲಿ ಹಂಚುತ್ತಿದ್ದ ಅದೇ ಸಾರ್ಜೆಂಟನೂ ಕತ್ತೆತ್ತಿ ನೋಡಿದ. ಇಟ್ಸೆಲ್ ಅವನತ್ತ ತಿರುಗಿದಳು.

"ಸಾರ್ಜೆಂಟ್ ಸರ್, ಹೆಸರು ನಾನಾಗೇ ಹೇಳಿದೀನಿ. ಮತ್ತೆ ಫೋನ್ ಮಾಡೋದಿದ್ರೆ ಅಮ್ಮನ್ನೇ ಕೇಳಿ."

ಸಾರ್ಜೆಂಟ್ ಓಫೆಲಿಯಾಳ ಮುಖ ನೋಡಿದ. ಮತ್ತೆ ಬಾಟಲಿ ಜೋಡಿಸತೊಡಗಿದ.