ಚಿಪ್ಪಿನ ರಸ್ತೆಯ ಕೆಂಪು ಬಿಲ್ಲೆ

“ಕಂಬ ಹತ್ತೋನಿಗೆ ಕಂಬ ಸಾಕು ಕಣ್ಲೇ. ಪ್ಲಾನು ಬರಿಯಾಕೆ ತಲೆ ಇರೋರು ಬೇರೆ ಅವ್ರೆ. ಕೂತ್ಕಳ್ಲೇ ಬೋಳಿಮಗನೆ.”

ಮೇಲ್ವಿಚಾರಕ ಪ್ರೆಜಾನ್ ಇದನ್ನು ನಗುತ್ತಲೇ ಹೇಳಿದ. ಕಡಲಂಚಿನ ಪಾಂಟ್ ಸಾಲೀನ್ ಪಟ್ಟಣದ ವಿದ್ಯುತ್ ಕಚೇರಿಯಲ್ಲಿ ಚಂಡಮಾರುತದ ಋತುವಿಗೆ ಮುನ್ನ, ಜೂನ್ ತಿಂಗಳ ಮೊದಲ ಸೋಮವಾರ ನಡೆಯುವ ವಾಡಿಕೆಯ ಸಭೆ ಅದು. ಪಾದ್ರಿಯು ಬಿರುಗಾಳಿಯಿಂದ ಕಾಯುವ ಶೀಘ್ರಸಹಾಯದ ಮಾತೆಗೆ ಪ್ರಾರ್ಥನೆ ಸಲ್ಲಿಸಿ, ಹೊಸ ಕೈಪಿಡಿಯ ಮೇಲೆ ಪವಿತ್ರಜಲವನ್ನು ಪ್ರೋಕ್ಷಿಸಿ ಹೊರಟು ಇನ್ನೂ ಗಳಿಗೆ ಕಳೆದಿರಲಿಲ್ಲ. ಗಾಳಿ ನಿಂತ ಮೇಲೆ ಯಾವ ತಂತಿಗೆ ಮೊದಲು ಜೀವ ಬರಬೇಕು, ಯಾವುದಕ್ಕೆ ಕೊನೆಗೆ ಎಂಬ ಅನುಕ್ರಮ ಆ ಕೈಪಿಡಿಯಲ್ಲಿತ್ತು. ಆಸ್ಪತ್ರೆ, ನೀರಿನ ಪಂಪು, ಬಳಿಕ ಸಿರಿವಂತರ ವಿಹಾರದೋಣಿಗಳು ನಿಲ್ಲುವ ಬಂದರು. ಹದಿನೇಳನೆಯದು, ಎಂದರೆ ಕಟ್ಟಕಡೆಯದು, ಚಿಪ್ಪಿನ ರಸ್ತೆ.

ಆಲ್ಸೀಡ್ ನಾರ್ಸಿಸ್ ಕೂರಲಿಲ್ಲ. ಇಪ್ಪತ್ತೆರಡು ವರ್ಷ ಆ ಪಟ್ಟಣದ ಕಂಬಗಳನ್ನೇರಿದವನು; ಹುಟ್ಟಿದ್ದು ಚಿಪ್ಪಿನ ರಸ್ತೆಯ ಕರಿಯರ ಕೇರಿಯಲ್ಲಿ, ಚಿಪ್ಪು ಬಿಡಿಸಿ ಕಡಲ ಸಿಂಪಿ ಸುಲಿಯುವವರ ನಡುವೆ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ ದೊಡ್ಡಮ್ಮ ಓರೇಲಿಯಾ ಈಗಲೂ ಅಲ್ಲಿಯೇ ಇದ್ದಳು, ಮೂಗಿಗೆ ಆಮ್ಲಜನಕದ ಯಂತ್ರದ ಕೊಳವೆ ಸಿಕ್ಕಿಸಿಕೊಂಡು. ಆ ಯಂತ್ರ ನಡೆಯುವುದು ಕರೆಂಟಿನಿಂದ.

“ಹೋದ್ ವರ್ಸ ನಮ್ ಕೇರಿ ಐದ್ನೇದಿತ್ತು ಸಾರ್. ಉಸ್ರಿನ ಮಿಸನ್ನಿರೋ ಮನೆಗಳ್ ಪಟ್ಟೀಲಿ ದೊಡ್ಡಮ್ಮನ ಹೆಸ್ರೂ ಇತ್ತು. ಈ ಸಲ ಎಲ್ಡೂ ಇಲ್ಲ.”

“ಡಾಕ್ಟ್ರ ಕಾಗ್ದ ಹೊಸಾದು ಕೊಡ್ಬೇಕಿತ್ತು.”

“ಮಾರ್ಚಿನಾಗೇ ತಂದ್ಕೊಟ್ಟೆ. ನಿಮ್ ಮೇಜಿನ್ ಮ್ಯಾಲೇ ಮಡಗ್ದೆ.”

“ನನ್ ಮೇಜಿನ್ ಮ್ಯಾಲೆ ಏಸೋ ಬೀಳ್ತವೆ. ನಿಮ್ಮೋರಿಗೆ ಕತ್ಲೆ ಹೊಸ್ದೇನ್ಲಾ? ಕಣ್ಮುಚ್ಕಂಡೂ ಸಿಂಪಿ ಸುಲಿಯೋ ಜನ ನೀವು.”

ಕೋಣೆ ನಕ್ಕಿತು. ಹನ್ನೊಂದು ವರ್ಷದಿಂದ ಆಲ್ಸೀಡನ ಜೊತೆಗಾರನಾಗಿದ್ದ ಕ್ಲೋವಿಸ್ ಮಾತ್ರ ತನ್ನ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತ ಕುಳಿತಿದ್ದ.

ಆಗಸ್ಟ್ ಕೊನೆಯಲ್ಲಿ ಗಾಳಿ ಬಂದಿತು. ಮೂರನೆಯ ದಿನ ಬೀದಿಯ ಕೊಳಚೆನೀರು ಮೊಣಕಾಲಿಗಿಳಿದಾಗ ಬೆಳಗಿನ ಜಾವವೇ ಆಲ್ಸೀಡ್ ಮುರಿದ ಸೇತುವೆಯ ಬಳಿ ಕಾಲುವೆಯನ್ನು ಈಜಿ ದಾಟಿ ಕೇರಿಗೆ ಹೋಗಿದ್ದ. ಕರೆಂಟು ಹೋದಾಗಿನ ಆಸರೆಗೆಂದು ಮನೆಯಲ್ಲಿದ್ದ ಆರು ಆಮ್ಲಜನಕದ ಸಿಲಿಂಡರುಗಳಲ್ಲಿ ಐದು ಬರಿದಾಗಿದ್ದವು. ಆರನೆಯದು ದೊಡ್ಡಮ್ಮನ ಮಗ್ಗುಲಲ್ಲಿತ್ತು. ಆಸ್ಪತ್ರೆಯಲ್ಲಿ ಒಳಗಿನ ರೋಗಿಗಳಿಗೇ ಸಾಲುತ್ತಿಲ್ಲವೆಂದು ಅವನನ್ನು ಬಾಗಿಲಲ್ಲೇ ತಿರುಗಿಸಿದ್ದರು. ವೈದ್ಯರ ದೋಣಿ ಬರುವುದು ನಾಳೆ.

“ಬಂದ ನೋಡೇ ಸೆಲೀನ್, ಊರಿಗೆಲ್ಲಾ ದೀಪ ಹಚ್ಚೋ ದೊರೆ,” ಎಂದಳು ದೊಡ್ಡಮ್ಮ ನೆರೆಯವಳಿಗೆ, ಎರಡೆರಡು ಪದಕ್ಕೊಮ್ಮೆ ಉಸಿರೆಳೆದು. “ನಮ್ಮನೇ ಬಲ್ಬೊಂದ್ ಬಿಟ್ಟು.”

“ಮಾತಾಡ್ಬ್ಯಾಡ ದೊಡ್ಡವ್ವ. ಗಾಳಿ ಖರ್ಚಾಯ್ತದೆ.”

“ಸುಮ್ಕಿದ್ರೆ... ಸತ್ತೋದ್ಲು ಅಂತ... ಒಲೆ ಮ್ಯಾಲಿರೋ ಬೆಂಡೆಕಾಯ್ ಸಾರ್ನ ಇವ್ಳೇ ತಿಂದ್ಬಿಡ್ತಾಳೆ ಕಣೋ.”

ಸೆಲೀನ್ ನಗಲಿಲ್ಲ. ಅವಳ ಕಣ್ಣು ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ತೋರಿಸುವ ಮುಳ್ಳಿನ ಮೇಲಿತ್ತು.

ಬೆಳಕಾಗುತ್ತಲೇ ಅವನು ಮರಳಿ ತಂಡವನ್ನು ಸೇರಿದ; ಮಧ್ಯಾಹ್ನದ ಹೊತ್ತಿಗೆ ಬಂದರಿನ ತಂತಿ ಸಿದ್ಧವಾಯಿತು. ಚಿಪ್ಪಿನ ರಸ್ತೆಯ ಕವಲು ಅದೇ ತಂತಿಯಿಂದ ಒಡೆಯುತ್ತದೆ. ಎರಡಕ್ಕೂ ಸ್ವಿಚ್ಚು ಒಂದೇ, ಕೂಡುರಸ್ತೆಯ ಎತ್ತರದ ಕಂಬದ ಮೇಲೆ. ಕವಲಿನಲ್ಲಿ ತಂತಿ ಮೂರು ಕಡೆ ಹರಿದಿತ್ತು.

“ಕೇರಿಗೋಗೋ ಆ ಬಾಲ ಕತ್ತರ್ಸಿ ಬಿಸಾಕ್ಲೇ,” ಎಂದ ಪ್ರೆಜಾನ್, ಲಾರಿಯ ನೆರಳಿನಲ್ಲಿ ನಿಂತು. “ಮೂರ್ ಗಂಟೆಗೆ ಮೇಯರು ಬಂದರಿನಾಗೆ ದೀಪ ಹಾಕ್ತಾರೆ. ಟೀವಿಯೋರು ಬಂದವ್ರೆ.”

“ಇನ್ನರ್ಧ ದಿನ ಕೊಡಿ ಸಾರ್. ಮೂರು ಗಂಟು ಹಾಕಿದ್ರೆ ಎಲ್ಡೂ ಕಡೀಕೂ ಒಟ್ಗೇ ಕರೆಂಟು.”

“ಹದ್ನೇಳ್ನೇದು ಹದ್ನೇಳ್ನೇದೇ.”

“ದೋಣಿಗಳ್ಗೂ ಮೂಗಿಗೆ ಪೈಪ್ ಇಕ್ಕವ್ರಾ ಸಾರ್?”

“ಸೂಳೆಮಗನೆ, ಕತ್ತರ್ಸು ಅಂದ್ರೆ ಕತ್ತರ್ಸು. ಇಲ್ಲಾಂದ್ರೆ ಬೆಲ್ಟ್ ಬಿಚ್ಚಿಟ್ಟು ಹೋಯ್ತಾ ಇರು.”

ಆಲ್ಸೀಡ್ ಕಂಬ ಹತ್ತುವ ಬೆಲ್ಟನ್ನು ಬಿಗಿದುಕೊಂಡ. ಸ್ವಿಚ್ಚಿನ ಹಿಡಿಯಲ್ಲಿ ಬೆಳಗ್ಗೆ ತಂಡದವರೆಲ್ಲ ತಮ್ಮ ತಮ್ಮ ಬಿಲ್ಲೆಗಳನ್ನು ತೂಗುಹಾಕಿದ್ದರು: ಹೆಸರು ಕೊರೆದು ಕೆಂಪು ಬಳಿದ ತಗಡಿನ ಬಿಲ್ಲೆಗಳು. ಬಿಲ್ಲೆಯಿರುವವರೆಗೂ ತಂತಿಯ ಮೇಲೆ ಮನುಷ್ಯನಿದ್ದಾನೆಂದು ಅರ್ಥ, ಸ್ವಿಚ್ಚನ್ನು ಹಾಕುವಂತಿಲ್ಲ. ಕಟ್ಟಿದವನ ಕೈಯೇ ಅದನ್ನು ಕಳಚಬೇಕು. ಮೂವತ್ತು ವರ್ಷದ ಹಿಂದೆ ಯಾರೋ ಅವಸರಕ್ಕೆ ಪರರ ಬಿಲ್ಲೆ ಕಳಚಿದಾಗ ಕಂಬದ ತುದಿಯಲ್ಲಿ ಕರಕಲಾದವನು ಪ್ರೆಜಾನನ ಒಡಹುಟ್ಟಿದ ಅಣ್ಣ. ಉಳಿದವರು ಒಬ್ಬೊಬ್ಬರಾಗಿ ಹತ್ತಿ ತಂತಮ್ಮದನ್ನು ಬಿಚ್ಚಿಕೊಂಡು ಇಳಿದರು. ಆಲ್ಸೀಡ್ ಹತ್ತಲಿಲ್ಲ. ಉಪಕರಣದ ಚೀಲವನ್ನು ಹೆಗಲಿಗೇರಿಸಿ ಸೇತುವೆಯ ಕಡೆಗೆ ನಡೆದ.

“ಎಲ್ಲಿಗ್ಲೇ?”

“ಕೆಲಸಕ್ಕೆ ಸಾರ್. ನನ್ ಬಿಲ್ಲೆ ಅಲ್ಲೇ ಅದೆ.”

ತಪ್ಪಿ ಕರೆಂಟು ಬಂದರೂ ಅದನ್ನು ನೆಲಕ್ಕಿಳಿಸುವಂತೆ ತಂತಿಯನ್ನು ಭೂಮಿಗೆ ಬಿಗಿಯುವ ಕಾಪಿನ ಸರಪಳಿಗಳು ಲಾರಿಯಲ್ಲೇ ಉಳಿದವು. ಅವನ್ನು ಹೊತ್ತು ಆ ನೀರನ್ನು ದಾಟುವುದು ಒಬ್ಬನಿಂದಾಗದು. ಅವನಿಗೆ ಉಳಿದ ರಕ್ಷೆ ಆ ತಗಡಿನ ತುಂಡೊಂದೇ.

ಮೊದಲ ಗಂಟು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ದೊಡ್ಡಮ್ಮನ ಮನೆಯ ಮುಂದಿನ ಕಂಬದಲ್ಲಿ. ಅಲ್ಲಿಗೇರುವಾಗ ಸೊಂಟದ ರೇಡಿಯೊ ಮಾತಾಡಿತು.

“ಕ್ಲೋವಿಸ್, ಹತ್ತು. ಅದ್ನ ಬಿಚ್ಚು.” ಪ್ರೆಜಾನನ ದನಿ.

ಅದಕ್ಕೆ ಕ್ಲೋವಿಸ್: “ಅದ್ರಾಗೆ ನನ್ ಹೆಸ್ರಿಲ್ಲ.”

“ಕೆಲ್ಸ ಹೋಯ್ತದೆ ನಿಂದು.”

“ಹೋಗ್ಲಿ. ನಾ ಮುಟ್ಟಾಕಿಲ್ಲ.”

“ನಾನೇ ಹತ್ತೀನಿ ಬಿಡು.”

ಆಲ್ಸೀಡ್ ರೇಡಿಯೊದ ಗುಂಡಿ ಒತ್ತಿದ. “ಹತ್ತಿ ಸಾರ್. ನಿಮ್ಮಣ್ಣ ಮ್ಯಾಲಿದ್ದಾಗ್ಲೂ ಯಾರೋ ಹಿಂಗೇ ಹತ್ತಿದ್ರು.”

ಗುಂಡಿ ಬಿಟ್ಟು ಕಂಬದ ತುದಿಗೇರಿದ.

ಕೆಳಗೆ ಜಗುಲಿಯಿಂದ ಸೆಲೀನ್ ಕೂಗಿ ಹೇಳಿದಳು: “ಮುಳ್ಳು ಕೆಂಪಿಗೆ ಬಂತು ಕಣೋ ಆಲ್ಸೀಡ್.”

“ದೊಡ್ಡವ್ವ?”

“ಕಣ್ ಬಿಟ್ಕಂಡವ್ಳೆ. ಮಾತಿಲ್ಲ.”

ಗಾಳಿಯು ಮರಗಳ ಎಲೆಯನ್ನೆಲ್ಲ ಕಿತ್ತೊಯ್ದಿದ್ದರಿಂದ ಅರ್ಧ ಮೈಲಿಯಾಚೆಯ ಕೂಡುರಸ್ತೆಯ ಕಂಬ ಆ ತುದಿಯಿಂದ ಸ್ಪಷ್ಟವಾಗಿ ತೋರುತ್ತಿತ್ತು. ಸ್ವಿಚ್ಚಿನ ಬಳಿ ಕೆಂಪಗೆ ಒಂದು ಚುಕ್ಕಿ. ಅದರ ಕೆಳಗೆ, ಕಂಬದ ನಡುಮಟ್ಟದಲ್ಲಿ, ಒಂದು ಆಕೃತಿ ನಿಧಾನವಾಗಿ ಮೇಲೇರುತ್ತಿತ್ತು. ಅದು ಯಾರೆಂಬುದು ಅಷ್ಟು ದೂರದಿಂದ ತಿಳಿಯಲಿಲ್ಲ.

ಒದ್ದೆಯಾಗಿ ಹರಿದುಹೋಗಿದ್ದ ರಬ್ಬರು ಗವಸುಗಳನ್ನು ಆಲ್ಸೀಡ್ ಹಲ್ಲಿನಿಂದ ಕಚ್ಚಿ ಎಳೆದು ಕೆಳಗೆ ಉಗುಳಿದ. ಬಳಿಕ ಹರಿದ ತಂತಿಯ ಎರಡು ತುದಿಗಳನ್ನೂ ಬರಿಗೈಯಲ್ಲಿ ಹಿಡಿದುಕೊಂಡು, ಒಂದರತ್ತ ಮತ್ತೊಂದನ್ನು ಎಳೆಯತೊಡಗಿದ.